ಹೆಬ್ಬೆರಳಿಗೊಂದು ಕೆಲಸ

ನಮ್ಮ ತೆಂಗಿನ ಸೀಮೆಯ ಮನೆಗಳಲ್ಲಿ ‘ಮಣೆ’ ಎಂಬ ಮಾತಿಗೆ ದೊಡ್ಡ ಬಳಗವೇ ಉಂಟು. ಕುಳಿತು ಉಣ್ಣುವ ಮಣೆ, ಲಟ್ಟಿಸುವ ಮಣೆ, ಈಳಿಗೆಮಣೆ, ಕಾಯಿ ತುರಿಯುವ ಮಣೆ. ಈ ಬಳಗಕ್ಕೆ ಸೇರಿದ ಹೊಸ ನೆಂಟನೇ ಕೀಲಿಮಣೆ. ಕಂಪ್ಯೂಟರಿನ ಮುಂದಿಟ್ಟುಕೊಂಡು ಅಕ್ಷರ ಒತ್ತುವ ಹಲಗೆಗೆ ನಾವು ಕೊಟ್ಟಿರುವ ಹೆಸರು ಅದು, ಆಡುಮಾತಿನಲ್ಲಿ ಕೀಬೋರ್ಡು. ಆದರೆ ಹಳೆಯ ಮಣೆಗಳಿಗೂ ಈ ಹೊಸ ಮಣೆಗೂ ಒಂದು ಮುಖ್ಯವಾದ ಭೇದವಿದೆ. ತುರಿಯುವ ಮಣೆಯನ್ನು ಬಡಗಿಯಿಂದ ಮಾಡಿಸುವಾಗ, ಕೂರುವವರಿಗೆ ಎಷ್ಟು ಎತ್ತರ ಬೇಕು, ಕೈ ಎಲ್ಲಿಗೆ ಎಟುಕುತ್ತದೆ ಎಂಬುದನ್ನು ನೋಡಿ ಮಾಡಿಸುತ್ತೇವೆ. ಕೀಲಿಮಣೆಯನ್ನು ಮಾತ್ರ ಅಂಗಡಿಯಲ್ಲಿ ಇದ್ದಂತೆಯೇ ಕೊಂಡು ತಂದು, ನಮ್ಮ ಕೈಯನ್ನು ಅದಕ್ಕೆ ಒಗ್ಗಿಸುತ್ತೇವೆ. ಕನ್ನಡಿಗರ ಕೈಗೂ ಕನ್ನಡದ ಮಾತಿಗೂ ತಕ್ಕಂತೆ, ಚೀಲದಲ್ಲಿ ಹಾಕಿಕೊಂಡು ಪರಊರಿಗೆ ಒಯ್ಯಬಹುದಾದ ಒಂದೇ ತುಂಡಿನ ಕೀಲಿಮಣೆಯನ್ನು ನಾವೇ ಯೋಜಿಸಿ ಮಾಡಿಕೊಳ್ಳಬಹುದೇ ಎಂಬುದು ಇಂದಿನ ಭಾಷಣದ ವಿಷಯ.

ಇದು ಯಂತ್ರದ ಹುಚ್ಚಿನವರ ಹವ್ಯಾಸವಲ್ಲವೇ, ನಮಗೇಕೆ ಎಂದು ತಾವು ಕೇಳಬಹುದು. ಸ್ವಲ್ಪ ಯೋಚಿಸಿ ನೋಡಿ. ೨೦೦೦ದ ಆಚೀಚಿನ ವರ್ಷಗಳಲ್ಲಿ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಷ್ಟನ್ನೂ ಯಾರೋ ಬೆರಳಿನಿಂದ ಒತ್ತಿಯೇ ಏರಿಸಿದರು. ಇಂದು ತಾಲ್ಲೂಕು ಕಚೇರಿಯ ಗುಮಾಸ್ತರು, ವಕೀಲರ ಬಳಿ ಅರ್ಜಿ ಬರೆಯುವವರು, ಮದುವೆಯ ಕರೆಯೋಲೆ ಅಚ್ಚುಮಾಡುವ ಹುಡುಗರು, ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಶಾಲಾ ಕಾಲೇಜುಗಳ ಅಧ್ಯಾಪಕರು, ಎಲ್ಲರೂ ಕೀಲಿಮಣೆಯ ಮುಂದೆಯೇ ಕೂರುತ್ತಾರೆ. ಕೈಗೆ ಒಗ್ಗದ ಮಣೆಯ ಮೇಲೆ ಕನ್ನಡ ಬರೆಯುವುದು ಶ್ರಮವಾದಾಗ ಏನಾಗುತ್ತದೆ? ಮಕ್ಕಳು ಕನ್ನಡದ ಮಾತನ್ನು ಇಂಗ್ಲಿಷು ಅಕ್ಷರಗಳಲ್ಲಿ ಬರೆಯತೊಡಗುತ್ತಾರೆ. ಅಲ್ಲಿ ಲಕಾರಕ್ಕೂ ಳಕಾರಕ್ಕೂ ಭೇದವಿಲ್ಲ, ನಕಾರಕ್ಕೂ ಣಕಾರಕ್ಕೂ ಭೇದವಿಲ್ಲ. ಕಾಳೂ ಕಾಲೂ ಒಂದೇ ಆಗುತ್ತವೆ. ಹಳ್ಳಿಯೂ ಹಲ್ಲಿಯೂ ಒಂದೇ ಆಗುತ್ತವೆ. ಚಿಕ್ಕನಾಯಕನಹಳ್ಳಿಯವರು ಇದನ್ನು ನಗುವಿನ ಮಾತೆಂದು ಬಿಡಲಾರರು. ಕೈಗೆ ಸುಲಭವಾದದ್ದೇ ಬಳಕೆಯಲ್ಲಿ ಉಳಿಯುವುದು ಲೋಕರೂಢಿ. ಆದುದರಿಂದ ಮಣೆಯ ವಿಚಾರ ಭಾಷೆಯ ವಿಚಾರವೂ ಹೌದು.

ಈಗಿನ ಮಣೆಯ ಆಕಾರ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಅಮೆರಿಕಾದ ಮಿಲ್ವಾಕಿ ಪಟ್ಟಣದ ಕ್ರಿಸ್ಟೊಫರ್ ಶೋಲ್ಸ್ ಮತ್ತು ಆತನ ಸಂಗಡಿಗರು ರೂಪಿಸಿದ ಬೆರಳಚ್ಚು ಯಂತ್ರವನ್ನು ರೆಮಿಂಗ್ಟನ್ ಕಂಪೆನಿಯವರು ೧೮೭೪ರಲ್ಲಿ ಮಾರಾಟಕ್ಕೆ ತಂದರು. ೧೮೭೮ರ ಯಂತ್ರದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆರಡನ್ನೂ ಒಂದೇ ಕೀಲಿಯಿಂದ ಹೊಡೆಯಲು ಶಿಫ್ಟ್ ಕೀಲಿ ಬಂತು. ಆ ಯಂತ್ರದಲ್ಲಿ ಪ್ರತಿಯೊಂದು ಕೀಲಿಗೂ ಒಂದು ಸನ್ನೆಕಡ್ಡಿ. ಮೇಲಿನ ಸಾಲಿನ ಕಡ್ಡಿಗಳು ಕೆಳಗಿನ ಸಾಲಿನ ಕೀಲಿಗಳ ನಡುವೆ ಹಾದುಹೋಗಬೇಕಾದ್ದರಿಂದ ಸಾಲುಗಳನ್ನು ಒಂದರ ಕೆಳಗೊಂದು ನೇರವಾಗಿ ಇಡದೆ ಅಷ್ಟಷ್ಟು ಪಕ್ಕಕ್ಕೆ ಸರಿಸಿದರು. ಇಂದಿನ ಮಣೆಯಲ್ಲಿ ಕಡ್ಡಿಯೂ ಇಲ್ಲ, ಸನ್ನೆಯೂ ಇಲ್ಲ. ಸಾಲುಗಳ ಓರೆ ಮಾತ್ರ ಹಾಗೆಯೇ ಉಳಿದಿದೆ. ಕಾರಣ ಹೋದರೂ ಕಟ್ಟಳೆ ಉಳಿಯುವುದೆಂದರೆ ಹೀಗೆ.

ಚೀಲಕ್ಕೆ ಹಿಡಿಸುವ ಯಂತ್ರದ ಆಸೆಯೂ ಹೊಸದಲ್ಲ. ೧೯೧೨ರಲ್ಲಿ ಬಂದ ‘ಕೊರೋನ ೩’ ಎಂಬ ಬೆರಳಚ್ಚು ಯಂತ್ರದ ಮೇಲ್ಭಾಗವನ್ನು ಕೀಲಿಗಳ ಮೇಲಕ್ಕೆ ಮಡಿಸಿ ಪೆಟ್ಟಿಗೆಯಲ್ಲಿಟ್ಟು ಒಯ್ಯಬಹುದಾಗಿತ್ತು. ನಮ್ಮ ಮಡಿಸುವ ಈಳಿಗೆಮಣೆಯನ್ನು ನೆನಪಿಗೆ ತರುವ ಉಪಾಯ. ೧೯೫೦ರಲ್ಲಿ ಇಟಲಿಯ ಒಲಿವೆಟ್ಟಿ ಕಂಪೆನಿಯ ‘ಲೆಟೆರಾ ೨೨’ ಬಂದು ಪತ್ರಕರ್ತರ ಸಂಗಾತಿಯಾಯಿತು. ಭಾರತದಲ್ಲೇ ಬೆರಳಚ್ಚು ಯಂತ್ರ ತಯಾರಾದದ್ದು ೧೯೫೫ರಲ್ಲಿ, ಗೋದ್ರೆಜ್ ಕಾರ್ಖಾನೆಯಲ್ಲಿ. ಅಲ್ಲಿ ಅದರ ತಯಾರಿಕೆ ೨೦೦೯ರಲ್ಲಿ ನಿಂತಿತು.

ಇನ್ನು ಕನ್ನಡದ ಮಾತು. ನಮ್ಮ ವರ್ಣಮಾಲೆಯಲ್ಲಿ ೧೩ ಸ್ವರ, ೨ ಯೋಗವಾಹ, ೩೪ ವ್ಯಂಜನ, ಒಟ್ಟು ೪೯ ಅಕ್ಷರ. ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಒಂದೊಂದು ವ್ಯಂಜನಕ್ಕೂ ಕಾಗುಣಿತ ಹತ್ತಿದರೆ ೩೪ನ್ನು ೧೩ರಿಂದ ಗುಣಿಸಿ ೪೪೨ ರೂಪಗಳು. ಒಂದು ವ್ಯಂಜನಕ್ಕೆ ಮತ್ತೊಂದು ಒತ್ತಾಗಿ ಬರುವ ಜೋಡಿಗಳನ್ನು ಗಣಿತದ ಪ್ರಕಾರ ಎಣಿಸಿದರೆ ೧,೧೫೬. ಅವಕ್ಕೂ ಗುಣಿತ ಸೇರಿಸಿದರೆ ೧೫,೦೦೦ಕ್ಕೂ ಮೇಲೆ. ಎಲ್ಲವೂ ಬಳಕೆಯಲ್ಲಿಲ್ಲ, ನಿಜ. ಆದರೆ ತೊಂಬತ್ತರ ಆಚೀಚೆ ಗುರುತುಗಳಿಗಷ್ಟೇ ಎಡೆಯಿದ್ದ ಬೆರಳಚ್ಚು ಯಂತ್ರದಲ್ಲಿ ಬಳಕೆಯಲ್ಲಿರುವಷ್ಟನ್ನು ಕೂರಿಸುವುದೂ ಸಣ್ಣ ಕೆಲಸವಲ್ಲ. ಅನಂತಸುಬ್ಬರಾಯರಂಥವರು ಆ ಕೆಲಸವನ್ನು ಸಾಧಿಸಿದರು. ಅಲ್ಲಿ ಅನುಸರಿಸಿದ ದಾರಿ, ಅಕ್ಷರವನ್ನು ಅದರ ಆಕಾರದಿಂದ ಬಿಡಿಸುವುದು: ದೇಹ ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಕನ್ನಡ ಬೆರಳಚ್ಚುಗಾರ ಅಕ್ಷರವನ್ನು ಬರೆಯುತ್ತಿರಲಿಲ್ಲ, ಜೋಡಿಸುತ್ತಿದ್ದ.

ಕಂಪ್ಯೂಟರು ಬಂದ ಮೇಲೆ ಆಕಾರ ಜೋಡಿಸುವ ಕೆಲಸ ಯಂತ್ರದ ಪಾಲಾಯಿತು. ನಾವು ಉಚ್ಚಾರಣೆಯ ಕ್ರಮದಲ್ಲಿ ಒತ್ತಿದರೆ ಸಾಕು. ಒತ್ತಕ್ಷರವನ್ನು ಎಲ್ಲಿ ಕೂರಿಸಬೇಕೆಂದು ಅದೇ ನೋಡಿಕೊಳ್ಳುತ್ತದೆ. ೧೯೮೬ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯವರು ಎಲ್ಲ ಭಾರತೀಯ ಲಿಪಿಗಳಿಗೂ ಸಮನಾಗಿ ‘ಇನ್‌ಸ್ಕ್ರಿಪ್ಟ್’ ಎಂಬ ಕೀಲಿಕ್ರಮವನ್ನು ಗೊತ್ತುಮಾಡಿದರು. ವ್ಯಾಕರಣ ಬಲ್ಲವರಿಗೆ ಇದನ್ನು ಕಂಡರೆ ಸಂತೋಷವಾಗುತ್ತದೆ. ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ. ನಡುಸಾಲಿನಲ್ಲಿ ಕ, ಚ, ಟ, ತ, ಪ; ಅವುಗಳ ನೆತ್ತಿಯ ಮೇಲೆ, ಮೇಲಿನ ಸಾಲಿನಲ್ಲಿ, ಗ, ಜ, ಡ, ದ, ಬ. ಅದೇ ಕೀಲಿಯನ್ನು ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ. ವರ್ಗಾಕ್ಷರಗಳ ಪಾಠವನ್ನೇ ಹಲಗೆಯ ಮೇಲೆ ಬರೆದಂತಿದೆ.

ಆದರೆ ಎಲ್ಲರಿಗೂ ಹೊಲಿದ ಅಂಗಿ ಯಾರೊಬ್ಬರಿಗೂ ಸರಿಯಾಗಿ ಹೊಂದದು. ಹಿಂದಿಯಲ್ಲಿ ಹ್ರಸ್ವ ಎಕಾರವೂ ಇಲ್ಲ, ಹ್ರಸ್ವ ಒಕಾರವೂ ಇಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ಇವೆರಡಕ್ಕೂ ಸಿಕ್ಕಿದ್ದು ಮಣೆಯ ಮೂಲೆಗಳು: ಎಕಾರದ ಗುರುತು ಎಡಗಡೆಯ ಕೆಳಮೂಲೆಯಲ್ಲಿ, ಒಕಾರದ್ದು ಎಡಗಡೆಯ ಮೇಲ್ತುದಿಯಲ್ಲಿ, ಅಂಕೆ ಒಂದಕ್ಕಿಂತಲೂ ಆಚೆ. ಎರಡನ್ನೂ ಒತ್ತಬೇಕಾದದ್ದು ಎಡಗೈಯ ಕಿರುಬೆರಳು. ಕನ್ನಡದಲ್ಲಿ ಈ ಎರಡು ಸ್ವರಗಳಿಲ್ಲದೆ ಎಷ್ಟು ದೂರ ನಡೆಯಬಹುದು? ಮನೆ, ಕೆರೆ, ಎಲೆ, ಬೆಳೆ, ಕೊಡ, ಹೊಲ, ಕೊಬ್ಬರಿ. ತುರುವೇಕೆರೆ ಎಂದು ಊರಿನ ಹೆಸರು ಒತ್ತಿದರೆ ಕಿರುಬೆರಳು ಎರಡು ಸಲ ಕೆಳಮೂಲೆಗೆ ಹೋಗಿ ಬರಬೇಕು.

ಎರಡನೆಯ ದಾರಿ ತೋರಿದವರು ಕೆ. ಪಿ. ರಾಯರು, ಅಂದರೆ ಕಿನ್ನಿಕಂಬಳ ಪದ್ಮನಾಭ ರಾಯರು. ೧೯೪೦ರಲ್ಲಿ ಮಂಗಳೂರು ಸಮೀಪದ ಕಿನ್ನಿಕಂಬಳದಲ್ಲಿ ಜನಿಸಿದ ಇವರು ತಾವು ರಚಿಸಿದ ಕನ್ನಡ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಇಂಗ್ಲಿಷಿನ ೨೬ ಅಕ್ಷರಗಳ ಕೀಲಿಗಳಲ್ಲೇ, ಧ್ವನಿಯ ಹೋಲಿಕೆ ಹಿಡಿದು, ಇಡೀ ಕನ್ನಡವನ್ನು ಅವರು ಅಡಕಮಾಡಿದರು. ಇದೇ ಕ್ರಮ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರದ ಕಚೇರಿಗಳಿಗೂ ಬಂತು. ಇದರಲ್ಲಿ ಒಂದು ಜಾಣತನವನ್ನು ಗಮನಿಸಬೇಕು. ಒತ್ತಕ್ಷರ ಬರೆಯಲು ಎರಡು ವ್ಯಂಜನಗಳ ನಡುವೆ ಸ್ವರವನ್ನು ತೆಗೆದುಹಾಕುವ ಗುರುತು ಬೇಕಷ್ಟೆ. ಅದನ್ನು ಎಫ್ ಅಕ್ಷರದ ಕೀಲಿಗೆ ಕೊಟ್ಟರು. ಎಫ್ ಕೀಲಿಯ ಮೇಲೆ ಸಣ್ಣ ಉಬ್ಬು ಇರುತ್ತದೆ. ಎಡಗೈಯ ತೋರುಬೆರಳು ಸದಾ ಅಲ್ಲೇ ವಿಶ್ರಮಿಸುವುದು. ಕನ್ನಡಕ್ಕೆ ಪದೇ ಪದೇ ಬೇಕಾದ ಗುರುತು ಹೀಗೆ ಬೆರಳು ಕದಲದೆಯೇ ಸಿಕ್ಕಿತು. ಇದನ್ನು ನಾವು ಒತ್ತಿನ ಕೀಲಿ ಎಂದು ಕರೆಯೋಣ.

ಈ ಕ್ರಮದಲ್ಲಿಯೂ ಒಂದು ಹೊರೆ ಉಳಿದಿದೆ. ದೀರ್ಘಸ್ವರಕ್ಕೆ ಶಿಫ್ಟ್ ಬೇಕು. ಅನುಸ್ವಾರಕ್ಕೆ ಶಿಫ್ಟ್ ಬೇಕು. ಣಕಾರ ಳಕಾರಗಳಿಗೂ ಶಿಫ್ಟ್ ಬೇಕು. ‘ತೋಟದ ಕಾಯಿ ಸಂತೆಗೆ ಹೋಯಿತು’ ಎಂಬ ಸಾಮಾನ್ಯ ವಾಕ್ಯವನ್ನು ತೆಗೆದುಕೊಳ್ಳಿ. ನಡುವಿನ ತೆರಪುಗಳನ್ನು ಬಿಟ್ಟರೆ ೨೦ ಒತ್ತುಗಳು. ಅವುಗಳಲ್ಲಿ ನಾಲ್ಕಕ್ಕೆ ಶಿಫ್ಟ್. ಐದಕ್ಕೆ ಒಂದು ಎಂದಾಯಿತು. ಇಂಗ್ಲಿಷಿನಲ್ಲಿ ಇಂಥ ವಾಕ್ಯಕ್ಕೆ ಮೊದಲ ಅಕ್ಷರಕ್ಕೊಮ್ಮೆ ಶಿಫ್ಟ್ ಹಿಡಿದರೆ ಮುಗಿಯಿತು. ಚಿಕ್ಕನಾಯಕನಹಳ್ಳಿ ಎಂಬ ಒಂದು ಹೆಸರಿಗೆ ೧೫ ಒತ್ತುಗಳು. ಒತ್ತಿನ ಕೀಲಿ ಎರಡು ಸಲ, ಶಿಫ್ಟ್ ಮೂರು ಸಲ. ಅದರಲ್ಲೂ ಕೊನೆಯ ‘ಳ್ಳಿ’ಯಲ್ಲಿ ಶಿಫ್ಟ್ ಹಿಡಿದು ಳಕಾರ, ಬಿಟ್ಟು ಒತ್ತಿನ ಕೀಲಿ, ಮತ್ತೆ ಹಿಡಿದು ಳಕಾರ, ಮತ್ತೆ ಬಿಟ್ಟು ಇಕಾರ. ಶಿಫ್ಟ್ ಇರುವುದು ಮಣೆಯ ಎರಡು ಕೊನೆಗಳಲ್ಲಿ. ಅದನ್ನು ಹಿಡಿಯುವುದು ಮತ್ತೆ ಕಿರುಬೆರಳೇ.

ಹೀಗೆ ಯಾವ ದಾರಿಯಲ್ಲಿ ಹೋದರೂ ಕನ್ನಡದ ಭಾರ ಬೀಳುವುದು ಕೈಯ ಅತ್ಯಂತ ಬಡ ಬೆರಳಿನ ಮೇಲೆ. ಇತ್ತ ಎಲ್ಲಕ್ಕಿಂತ ಬಲವಾದ ಹೆಬ್ಬೆರಳುಗಳು ಏನು ಮಾಡುತ್ತಿವೆ? ಎರಡೂ ಸೇರಿ ತೆರಪು ಬಿಡುವ ಒಂದು ಉದ್ದ ಪಟ್ಟಿಯನ್ನು ಒತ್ತುತ್ತವೆ, ಅಷ್ಟೆ. ಕಾಯಿ ಹಿಡಿಯುವುದು, ಹಗ್ಗ ಬಿಗಿಯುವುದು, ಲೇಖನಿ ಹಿಡಿಯುವುದು, ಯಾವುದೂ ಹೆಬ್ಬೆರಳಿಲ್ಲದೆ ಆಗದು. ಏಕಲವ್ಯನಿಂದ ದ್ರೋಣರು ಕೇಳಿದ್ದು ಕಿರುಬೆರಳನ್ನಲ್ಲ. ಕೀಲಿಮಣೆಯ ಮುಂದೆ ಮಾತ್ರ ಅದು ನಿರುದ್ಯೋಗಿ. ನಾನು ಹೇಳಬೇಕೆಂದಿರುವುದು ಇದೊಂದೇ ಮಾತು: ಕನ್ನಡಕ್ಕಾಗಿ ಮಣೆ ಮಾಡುವುದಾದರೆ ಕಿರುಬೆರಳಿನ ಹೊರೆಯನ್ನು ಇಳಿಸಿ ಹೆಬ್ಬೆರಳಿಗೆ ಹೊರಿಸಬೇಕು.

ಇಂಥ ಆಲೋಚನೆ ಬೇರೆ ನಾಡುಗಳಲ್ಲಿ ನಡೆದಿದೆ. ಮಣೆಯನ್ನು ಎಡ ಬಲ ಎಂದು ಎರಡು ಭಾಗ ಮಾಡಿ ಓರೆಯಾಗಿ ಇಟ್ಟರೆ ಮಣಿಕಟ್ಟು ಸೊಟ್ಟಗಾಗುವುದಿಲ್ಲವೆಂದು ಜರ್ಮನಿಯ ಕ್ಲೊಕೆನ್‌ಬರ್ಗ್ ೧೯೨೬ರಲ್ಲೇ ಸೂಚಿಸಿದ್ದನು. ೧೯೩೬ರಲ್ಲಿ ಅಮೆರಿಕಾದ ಡ್ವೊರಾಕ್ ಹೆಚ್ಚು ಬಳಕೆಯ ಅಕ್ಷರಗಳನ್ನು ನಡುಸಾಲಿಗೆ ತಂದ ಹೊಸ ಕ್ರಮಕ್ಕೆ ಪೇಟೆಂಟ್ ಪಡೆದನು. ೧೯೭೦ರ ದಶಕದಲ್ಲಿ ಇಂಗ್ಲೆಂಡಿನ ಲಿಲಿಯನ್ ಮಾಲ್ಟ್ ಎಂಬಾಕೆ ಮತ್ತು ಸ್ಟೀಫನ್ ಹಾಬ್‌ಡೇ ಸೇರಿ ‘ಮಾಲ್ಟ್ರಾನ್’ ಎಂಬ ಮಣೆಯನ್ನು ರಚಿಸಿದರು. ಅದರಲ್ಲಿ ಹೆಬ್ಬೆರಳುಗಳಿಗೆಂದೇ ಕೀಲಿಗಳ ಗುಂಪು. ಆಕೆಯ ಕ್ರಮದಲ್ಲಿ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ‘ಇ’ ಅಕ್ಷರವನ್ನೇ ಹೆಬ್ಬೆರಳಿಗೆ ಒಪ್ಪಿಸಿದ್ದಾರೆ. ಬಹಳ ಬೇಕಾದದ್ದು ಬಲವಾದ ಬೆರಳಿಗೆ ಎಂಬ ತತ್ತ್ವ ಅದು. ೨೦೧೪ರಲ್ಲಿ ಅಮೆರಿಕಾದ ಫಿಲ್ ಹೇಗಲ್‌ಬರ್ಗ್ ಎಂಬಾತ ‘ಏಟ್ರಿಯಸ್’ ಎಂಬ ಸಣ್ಣ ಮಣೆ ಮಾಡಿದನು. ಎರಡೂ ಕೈಯ ಕೀಲಿಗಳು ಓರೆಯಾಗಿ ಬೇರೆ ಬೇರೆ ಇದ್ದರೂ ಮಣೆ ಒಂದೇ ತುಂಡು. ಕೀಲಿಗಳು ೪೨ ಮಾತ್ರ. ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ನಮಗೆ ಬೇಕಾದ ಮಾದರಿ ಇದೇ.

ಒಂದೇ ತುಂಡು ಏಕೆ ಬೇಕು? ಎರಡು ತುಂಡಾದರೆ ಮೇಜಿನ ಮೇಲೆ ಭುಜದಷ್ಟು ಅಗಲಿಸಿ ಇಟ್ಟುಕೊಳ್ಳಬಹುದು, ಅದು ಮೇಲೇ ಸರಿ. ಆದರೆ ಪ್ರಯಾಣದಲ್ಲಿ ಮೇಜು ಎಲ್ಲಿಯದು? ತಿಪಟೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ಮಡಿಲಲ್ಲೇ ಇಟ್ಟುಕೊಳ್ಳಬೇಕು. ನೆಂಟರ ಮನೆಯಲ್ಲಿ ಚಾಪೆಯ ಮೇಲೆ ಇಟ್ಟುಕೊಳ್ಳಬೇಕು. ಎರಡು ತುಂಡನ್ನು ಮಡಿಲಲ್ಲಿ ಇಟ್ಟರೆ ಜಾರುತ್ತವೆ. ನಡುವಿನ ತಂತಿ ಮರೆತರೆ ಕೆಲಸ ಕೆಟ್ಟಿತು. ಒಂದೇ ತುಂಡಿನಲ್ಲಿ ಕೈಗಳ ಅಂತರ, ಓರೆ, ಎಲ್ಲವೂ ಪ್ರತಿಸಲವೂ ಒಂದೇ ರೀತಿ. ಬೆರಳು ಬೇಗ ಪಳಗುತ್ತದೆ.

ಈಗ ರಚನೆಗೆ ಬರೋಣ. ಮೊದಲ ಕೆಲಸ ಕೈಯ ಅಳತೆ. ಒಂದು ದೊಡ್ಡ ಹಾಳೆಯ ಮೇಲೆ ಎರಡೂ ಕೈಗಳನ್ನು ಬಿಗಿಯದೆ, ಬೆರಳುಗಳನ್ನು ತುಸು ಬಾಗಿಸಿ ಇಡಿ. ಮನೆಯವರೊಬ್ಬರು ಪೆನ್ಸಿಲಿನಿಂದ ಬೆರಳ ತುದಿಗಳನ್ನು ಗುರುತುಮಾಡಲಿ. ಎರಡು ಸಂಗತಿ ಕಾಣುತ್ತವೆ. ನಡುಬೆರಳಿನ ಗುರುತು ಎಲ್ಲಕ್ಕಿಂತ ಮುಂದೆ, ಕಿರುಬೆರಳಿನದು ಬಹಳ ಹಿಂದೆ; ತುದಿಗಳು ಎಂದಿಗೂ ನೇರ ಸಾಲಿನಲ್ಲಿ ಇರುವುದಿಲ್ಲ. ಜೊತೆಗೆ, ಮೊಣಕೈಗಳು ಮೈಯ ಎರಡು ಪಕ್ಕದಲ್ಲಿ ಇರುವುದರಿಂದ ಕೈಗಳು ಒಳಮುಖವಾಗಿ ಓರೆಯಾಗಿ ಬರುತ್ತವೆ. ಆದುದರಿಂದ ಕೀಲಿಗಳನ್ನು ಅಡ್ಡ ಸಾಲಾಗಿ ಓರೆಮಾಡದೆ, ಒಂದೊಂದು ಬೆರಳಿಗೂ ಒಂದೊಂದು ಕಂಬಸಾಲು ಮಾಡಿ, ಆ ಕಂಬಸಾಲನ್ನು ಬೆರಳಿನ ಉದ್ದಕ್ಕೆ ತಕ್ಕಂತೆ ಮುಂದೆ ಹಿಂದೆ ಸರಿಸಬೇಕು. ಬಳಿಕ ಒಂದೊಂದು ಕೈಯ ಗುಂಪನ್ನೂ ಹತ್ತು ಡಿಗ್ರಿಯಷ್ಟು ತಿರುಗಿಸಬೇಕು. ಮಣಿಕಟ್ಟು ಮುಂಗೈಯ ನೇರಕ್ಕೆ ನಿಲ್ಲುತ್ತದೆ.

ಒಂದು ಕೈಗೆ ಆರು ಕಂಬಸಾಲು, ಒಂದೊಂದರಲ್ಲಿ ಮೂರು ಕೀಲಿ, ಹೆಬ್ಬೆರಳಿಗೆ ಮೂರು. ಹೀಗೆ ಒಂದು ಕೈಗೆ ೨೧, ಒಟ್ಟು ೪೨. ಕೀಲಿಯ ನಡುವಿನಿಂದ ಮುಂದಿನ ಕೀಲಿಯ ನಡುವಿಗೆ ರೂಢಿಯ ಅಂತರ ೧೯ ಮಿಲಿಮೀಟರು. ಲೆಕ್ಕ ಹಾಕಿದರೆ ಇಡೀ ಮಣೆ ಶಾಲೆಯ ಅಡಿಪಟ್ಟಿಯ ಉದ್ದವನ್ನು ಮೀರುವುದಿಲ್ಲ.

ಅಂಕೆಗಳೂ ಚಿಹ್ನೆಗಳೂ ಎಲ್ಲಿ ಎಂದು ಕೇಳುವಿರಿ. ತೋಟದ ಮನೆಗಳಲ್ಲಿ ಅಟ್ಟ ಇರುವುದುಂಟಷ್ಟೆ. ಕೊಬ್ಬರಿಯಾಗುವ ಕಾಯಿ ತಿಂಗಳುಗಟ್ಟಲೆ ಮೇಲೆ ಇರುತ್ತದೆ, ಕೆಳಗೆ ಮನೆಯವರ ಓಡಾಟ. ಗೋಡೆ ಅವೇ, ನೆಲ ಎರಡು. ಕೀಲಿಮಣೆಗೂ ಹೀಗೆ ಅಟ್ಟ ಕಟ್ಟಬಹುದು. ಹೆಬ್ಬೆರಳಿನ ಒಂದು ಕೀಲಿಯನ್ನು ಹಿಡಿದಿರುವಷ್ಟು ಹೊತ್ತು ಅಕ್ಷರದ ಕೀಲಿಗಳೇ ಅಂಕೆಗಳಾಗುತ್ತವೆ. ಬಿಟ್ಟರೆ ಮತ್ತೆ ಅಕ್ಷರ. ಬೆರಳು ದೂರ ಹೋಗಬೇಕಾದ್ದಿಲ್ಲ. ದೂರದ್ದೇ ಬೆರಳ ಬಳಿಗೆ ಬರುತ್ತದೆ.

ಇನ್ನು ಕನ್ನಡದ ಭಾಗ. ಹೆಬ್ಬೆರಳುಗಳ ಆರು ಕೀಲಿಗಳಲ್ಲಿ ತೆರಪಿಗೆ ಒಂದು, ಅಟ್ಟಕ್ಕೆ ಒಂದು, ಸಾಲು ಮುಗಿಸಲು ಒಂದು. ಉಳಿದ ಮೂರನ್ನು ಕನ್ನಡಕ್ಕೆ ಕೊಡೋಣ. ಮೊದಲನೆಯದು ಶಿಫ್ಟ್. ಅದನ್ನು ಹಿಡಿದೇ ಇರಬೇಕಾಗಿಲ್ಲ. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅನ್ವಯಿಸುವಂತೆ ಏರ್ಪಡಿಸಬಹುದು. ದೀರ್ಘಸ್ವರಕ್ಕೆ ಮೊದಲು ಹೆಬ್ಬೆರಳ ಒಂದು ತಟ್ಟು, ಅಷ್ಟೆ. ಎರಡನೆಯದು ಒತ್ತಿನ ಕೀಲಿ. ಅದು ಹೆಬ್ಬೆರಳಿಗೆ ಬಂದರೆ ತೋರುಬೆರಳಿನ ಒಳ್ಳೆಯ ಜಾಗ ತೆರವಾಗುತ್ತದೆ. ಅಲ್ಲಿ ಅನುಸ್ವಾರವನ್ನು ಕೂರಿಸಬಹುದು. ತೆಂಗು, ಅಂಗಡಿ, ಸಂತೆ, ಬಂತು: ಯಾವುದಕ್ಕೂ ಆಮೇಲೆ ಶಿಫ್ಟ್ ಬೇಡ.

ಮೂರನೆಯದು ವ್ಯಾಕರಣದ ಮೇಷ್ಟರು ಕೇಳಬಹುದಾದ ಕೀಲಿ. ಸಂಯುಕ್ತಾಕ್ಷರದಲ್ಲಿ ಸಜಾತೀಯ, ವಿಜಾತೀಯ ಎಂದು ಎರಡು ಬಗೆ ಇರುವುದು ಹೈಸ್ಕೂಲಿನಲ್ಲಿ ಓದಿದವರಿಗೆಲ್ಲ ನೆನಪಿರಬಹುದು. ಸಂಸ್ಕೃತದಿಂದ ಬಂದ ಮಾತುಗಳಲ್ಲಿ ವಿಜಾತೀಯ ಹೆಚ್ಚು: ಪತ್ರ, ವಿದ್ಯೆ, 	ಲಕ್ಷ್ಯ. ಅಚ್ಚಗನ್ನಡದಲ್ಲಿ ಸಜಾತೀಯದ್ದೇ ದರ್ಬಾರು: ಅಪ್ಪ, ಅಮ್ಮ, ಅಣ್ಣ, ಅಕ್ಕ, ಹಳ್ಳಿ, ಬೆಲ್ಲ, ಹಿಟ್ಟು, ಕೊಬ್ಬರಿ. ಅದೇ ವ್ಯಂಜನವನ್ನು ಎರಡನೆಯ ಸಲ ನಾವೇಕೆ ಒತ್ತಬೇಕು? ಒತ್ತಿನ ಗುರುತನ್ನೂ ಹಿಂದಿನ ವ್ಯಂಜನವನ್ನೂ ತಾನೇ ಸೇರಿಸಿ ಕಳುಹಿಸುವ ಒಂದು ದ್ವಿತ್ವದ ಕೀಲಿ ಇದ್ದರೆ ಸಾಕು. ಆಗ ಕೊಬ್ಬರಿಗೆ ಏಳರ ಬದಲು ಆರು ಒತ್ತು. ಚಿಕ್ಕನಾಯಕನಹಳ್ಳಿಗೆ ಹದಿನೈದರ ಬದಲು ಹದಿಮೂರು. ಶಿಫ್ಟ್ ಮೂರರ ಬದಲು ಎರಡು, ಅದೂ ಹೆಬ್ಬೆರಳಿನಲ್ಲಿ. ಉಳಿತಾಯ ಸಣ್ಣದೆನಿಸಬಹುದು. ದಿನವೆಲ್ಲ ಪಹಣಿಯಲ್ಲಿ ಊರ ಹೆಸರು, ತಂದೆಯ ಹೆಸರು ಬರೆಯುವವರ ಕೈಯನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ.

ಇದಕ್ಕಾಗಿ ಕಂಪ್ಯೂಟರಿನ ಕನ್ನಡ ತಂತ್ರಾಂಶವನ್ನು ತಿದ್ದಬೇಕೇ? ಬೇಕಿಲ್ಲ. ಕೀಲಿಮಣೆ ಕಳುಹಿಸುವುದು ಅಕ್ಷರವನ್ನಲ್ಲ. ಇಂಥ ಕೀಲಿ ಒತ್ತಲಾಯಿತು ಎಂಬ ಸಂಖ್ಯೆಯನ್ನು. ಅದನ್ನು ಕನ್ನಡವಾಗಿ ಓದುವುದು ಕಂಪ್ಯೂಟರು. ಹೆಬ್ಬೆರಳ ಕೀಲಿ ಎಫ್‌ನ ಸಂಖ್ಯೆಯನ್ನು ಕಳುಹಿಸಿದರೆ ಕಂಪ್ಯೂಟರು ಎಂದಿನಂತೆ ಒತ್ತಿನ ಗುರುತು ಬರೆಯುತ್ತದೆ. ಇನ್‌ಸ್ಕ್ರಿಪ್ಟ್ ಬಳಸುವವರು ಇದೇ ಉಪಾಯದಿಂದ ಮೂಲೆಯ ಎಕಾರ ಒಕಾರಗಳನ್ನು ಹೆಬ್ಬೆರಳಿಗೆ ತಂದುಕೊಳ್ಳಬಹುದು. ಇಂಗ್ಲಿಷು ಬರೆಯುವಾಗ ಎಫ್ ತನ್ನ ಜಾಗಕ್ಕೆ ಮರಳಬೇಕಾದ್ದರಿಂದ ಎರಡು ಭಾಷೆಗಳಿಗೆ ಎರಡು ನೆಲ ಮಾಡಿ, ಒಂದರಿಂದ ಇನ್ನೊಂದಕ್ಕೆ ಹೋಗಲು ಅಟ್ಟದಲ್ಲಿ ಒಂದು ಕೀಲಿ ಇಟ್ಟುಕೊಂಡರೆ ಸರಿ.

ಮಣೆಯ ಒಳಗಿನ ಮರ್ಮವೂ ಕಠಿಣವಲ್ಲ. ೪೨ ಕೀಲಿಗೆ ೪೨ ತಂತಿ ಎಳೆಯುವುದಿಲ್ಲ. ನಾಲ್ಕು ಅಡ್ಡ ತಂತಿ, ಹನ್ನೆರಡು ಉದ್ದ ತಂತಿ. ಅವು ಕೂಡುವ ೪೨ ಕಡೆಗಳಲ್ಲಿ ಒಂದೊಂದು ಕೀಲಿ. ಹದಿನಾರು ತಂತಿಗಳಲ್ಲಿ ಕೆಲಸ ಮುಗಿಯಿತು. ಒಂದು ಸಣ್ಣ ನಿಯಂತ್ರಕ ಚಿಪ್ಪು ಪ್ರತಿ ಸೆಕೆಂಡಿಗೆ ನೂರಾರು ಸಲ ಅಡ್ಡ ತಂತಿಗಳನ್ನು ಒಂದೊಂದಾಗಿ ತಟ್ಟಿ, ಯಾವ ಉದ್ದ ತಂತಿ ಓಗೊಟ್ಟಿತೆಂದು ನೋಡುತ್ತದೆ. ಹಲವು ಕೀಲಿ ಒಟ್ಟಿಗೆ ಒತ್ತಿದಾಗ ವಿದ್ಯುತ್ತು ಅಡ್ಡದಾರಿ ಹಿಡಿದು ಒತ್ತದ ಕೀಲಿಯೂ ಒತ್ತಿದಂತೆ ತೋರಬಾರದೆಂದು ಒಂದೊಂದು ಕೀಲಿಗೂ ಒಂದು ಡಯೋಡು. ಒಂದೇ ಕಡೆಗೆ ತೆರೆಯುವ ಬಾಗಿಲಿನಂತೆ ಅದರ ಕೆಲಸ. ಚಿಪ್ಪಿಗೆ ಬೇಕಾದ ಕ್ಯೂ.ಎಂ.ಕೆ. ಎಂಬ ತಂತ್ರಾಂಶ ಯಾರಿಗೂ ಉಚಿತವಾಗಿ ದೊರೆಯುತ್ತದೆ. ಅಟ್ಟ, ತಟ್ಟಿ ಬಿಡುವ ಶಿಫ್ಟ್, ಹಿಂದಿನ ಕೀಲಿಯನ್ನು ಪುನಃ ಕಳುಹಿಸುವುದು, ಇವೆಲ್ಲ ಅದರಲ್ಲಿ ಸಾಧ್ಯ.

ಕೀಲಿಯ ಕೆಳಗಿನ ಸ್ವಿಚ್ಚು ಮುಖ್ಯ. ಅಗ್ಗದ ಮಣೆಗಳಲ್ಲಿ ರಬ್ಬರಿನ ಗುಬುಟು ಇರುತ್ತದೆ. ಅದನ್ನು ತಳಮುಟ್ಟ ಅದುಮಬೇಕು. ಯಾಂತ್ರಿಕ ಸ್ವಿಚ್ಚಿನಲ್ಲಿ ಲೋಹದ ಸುರುಳಿ. ರೂಢಿಯ ಸ್ವಿಚ್ಚು ನಾಲ್ಕು ಮಿಲಿಮೀಟರು ಇಳಿಯುತ್ತದೆ, ಎರಡು ಮಿಲಿಮೀಟರು ಇಳಿಯುವಷ್ಟರಲ್ಲೇ ಅಕ್ಷರ ಬೀಳುತ್ತದೆ. ಹಗುರ ಬಗೆಯದಕ್ಕೆ ಸುಮಾರು ೪೫ ಗ್ರಾಂ ತೂಕದ ಒತ್ತಡ ಸಾಕು. ಪ್ರಯಾಣಕ್ಕೆ ಗಿಡ್ಡ ಸ್ವಿಚ್ಚುಗಳೂ ಉಂಟು, ಮಣೆ ತೆಳ್ಳಗಾಗುತ್ತದೆ. ಟಕ್ ಎನ್ನುವ ಬಗೆಯದನ್ನು ಬಿಟ್ಟು ಸದ್ದಿಲ್ಲದ್ದನ್ನು ಆರಿಸಿದರೆ ರೈಲಿನಲ್ಲಿ ಪಕ್ಕದವರ ನಿದ್ದೆ ಕೆಡದು.

ಕಟ್ಟು ಮಾತ್ರ ನಮ್ಮ ಸೀಮೆಯದೇ ಆಗಲಿ. ಬಲಿತ ತೆಂಗಿನ ಮರದ ಒಳತಿರುಳು ಮೆದು, ಹೊರಸುತ್ತು ಬಹಳ ಗಟ್ಟಿ. ಆ ಹೊರಸುತ್ತಿನ ಚೆನ್ನಾಗಿ ಒಣಗಿದ ಹಲಗೆಯಿಂದ ಚೌಕಟ್ಟನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ. ಸ್ವಿಚ್ಚು ಕೂರುವ ತಗಡು ಒಂದೂವರೆ ಮಿಲಿಮೀಟರು ದಪ್ಪ, ಅದರಲ್ಲಿ ೧೪ ಮಿಲಿಮೀಟರಿನ ಚೌಕ ರಂಧ್ರಗಳು. ಅಷ್ಟನ್ನು ನಿಖರವಾಗಿ ಯಂತ್ರದಲ್ಲೇ ಕತ್ತರಿಸಿ ತರಿಸಬೇಕು. ಬೆಸುಗೆಯ ಕೆಲಸ ರೇಡಿಯೊ ರಿಪೇರಿ ಬಲ್ಲ ಯಾವ ಹುಡುಗನಿಗೂ ಕೈವಶ. ಎಲ್ಲಕ್ಕೂ ಮೊದಲು, ರಟ್ಟಿನ ಮೇಲೆ ಕೀಲಿಗಳ ಚಿತ್ರ ಬರೆದು ಒಂದು ವಾರ ಅದರ ಮೇಲೆ ಬೆರಳಾಡಿಸಿ ನೋಡುವುದು ಲೇಸು. ರಟ್ಟನ್ನು ತಿದ್ದುವುದು ಸುಲಭ, ತಗಡನ್ನು ತಿದ್ದುವುದು ಕಷ್ಟ.

ಎರಡು ಎಚ್ಚರಿಕೆಯ ಮಾತು ಹೇಳಬೇಕು. ಹೊಸ ಮಣೆಗೆ ಕೈ ಒಗ್ಗಲು ವಾರಗಳೇ ಹಿಡಿಯುತ್ತವೆ. ಮೊದಲಲ್ಲಿ ವೇಗ ಕುಗ್ಗಿಯೇ ಕುಗ್ಗುತ್ತದೆ. ಕಚೇರಿಯ ಕೆಲಸ ತಲೆಯ ಮೇಲಿರುವಾಗ ಇದನ್ನು ಹಿಡಿಯಬಾರದು. ಎರಡನೆಯದಾಗಿ, ಮಣೆ ಔಷಧವಲ್ಲ. ಮಣಿಕಟ್ಟಿನಲ್ಲಿ ನೋವೋ ಬೆರಳಲ್ಲಿ ಜೋಮೋ ಬಂದವರು ಮೊದಲು ವೈದ್ಯರನ್ನು ಕಾಣಬೇಕು. ಆಗಾಗ ಎದ್ದು ಕೈ ಕೊಡವಿ ಬರುವ ಅಭ್ಯಾಸಕ್ಕೆ ಯಾವ ಯಂತ್ರವೂ ಬದಲಿಯಲ್ಲ.

ನಮ್ಮ ಈ ಮೂರು ತಾಲ್ಲೂಕುಗಳಿಗೆ ಕನ್ನಡದ ಕೆಲಸ ಹೊಸದಲ್ಲ. ೧೯೧೧ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದು ಸಾವಿರಾರು ಮಕ್ಕಳಿಗೆ ಸಜಾತೀಯ ವಿಜಾತೀಯಗಳನ್ನು ತಿಳಿಯಹೇಳಿದ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಹಿಂದೆ, ಯಂತ್ರಕ್ಕೆ ಒಗ್ಗುವಂತೆ ಕನ್ನಡ ಲಿಪಿಯನ್ನೇ ತಿದ್ದಬೇಕೆಂಬ ವಾದಗಳೂ ನಡೆದಿದ್ದವು. ಈಗ ಯಂತ್ರವನ್ನೇ ಕನ್ನಡಕ್ಕೆ ಒಗ್ಗಿಸುವ ಕಾಲ ಬಂದಿದೆ, ಅದೂ ಒಬ್ಬ ಹುಡುಗ, ಒಬ್ಬ ಬಡಗಿ, ಒಬ್ಬ ವ್ಯಾಕರಣ ಬಲ್ಲವರು ಸೇರಿದರೆ ಆಗುವಷ್ಟು ಸುಲಭವಾಗಿ.

ಆದುದರಿಂದ ನನ್ನ ವಿನಂತಿ ಇಷ್ಟೆ. ನಿಮ್ಮ ಮನೆಯಲ್ಲಿ ಪಾಲಿಟೆಕ್ನಿಕ್ಕಿನಲ್ಲೋ ಎಂಜಿನಿಯರಿಂಗಿನಲ್ಲೋ ಓದುವ ಮಕ್ಕಳಿದ್ದರೆ, ಈ ಬೇಸಗೆಯ ರಜೆಯಲ್ಲಿ ಒಂದು ರಟ್ಟಿನ ಮಣೆ ಬರೆಯುವಂತೆ ಹೇಳಿ. ಬರೆಯುವ ಮೊದಲು ಅವರು ತಾತನ ಪತ್ರವೊಂದನ್ನೋ ದಿನಪತ್ರಿಕೆಯ ಒಂದು ಅಂಕಣವನ್ನೋ ಮುಂದಿಟ್ಟುಕೊಂಡು, ಎಷ್ಟು ದೀರ್ಘ, ಎಷ್ಟು ಅನುಸ್ವಾರ, ಎಷ್ಟು ದ್ವಿತ್ವ ಎಂದು ಎಣಿಸಲಿ. ಎಣಿಕೆ ಮುಗಿಯುವ ಹೊತ್ತಿಗೆ ಹೆಬ್ಬೆರಳಿಗೆ ಯಾವ ಕೆಲಸ ಕೊಡಬೇಕೆಂಬುದು ಅವರಿಗೇ ಗೊತ್ತಾಗಿರುತ್ತದೆ. ಜೊತೆಗೆ ಒಂದಿಷ್ಟು ಕನ್ನಡ ವ್ಯಾಕರಣವನ್ನೂ ಅವರು ತಮಗರಿಯದೆಯೇ ಕಲಿತಿರುತ್ತಾರೆ.